ಗಾಳಿಯ ಪದರ ಮತ್ತು ಗ್ರೈಂಡಿಂಗಿನ ಗೆರೆಗಳು

ಹೊಸೂರಿನ ನಮ್ಮ ವರ್ಕ್‌ಶಾಪಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆಯಾದರೂ ಮೇಲ್ಮೈಯ ನುಣುಪಿಗೆ ಇರುವ ಮಾತು ಒಂದೇ: ಫಿನಿಶ್. ಫಿನಿಶ್ ಬಂದಿದೆ ಎಂದರೆ, ರಫ್‌ನೆಸ್ ಟೆಸ್ಟರಿನ ಪರದೆಯ ಮೇಲೆ ಡ್ರಾಯಿಂಗ್ ಕೇಳಿದ್ದಕ್ಕಿಂತ ಕಡಿಮೆ ಅಂಕಿ ಮೂಡಿದೆ ಎಂದಷ್ಟೇ ಅರ್ಥ. ತಪಾಸಣೆ ವಿಭಾಗದಲ್ಲಿ ಕುಳಿತು ನಾನೂ ಬಹಳ ಕಾಲ ಅದೇ ಅರ್ಥದಲ್ಲಿ ಸಹಿ ಹಾಕುತ್ತ ಬಂದವನು. ಏರ್ ಬೇರಿಂಗಿನ, ಅಂದರೆ ಗಾಳಿಯ ತೆಳು ಪದರದ ಮೇಲೆ ತೇಲುವ ಬೇರಿಂಗಿನ, ಕೆಲಸವೊಂದು ಕೈಗೆ ಬಂದ ಮೇಲೆ ಆ ಅಂಕಿಯನ್ನು ನಂಬುವ ಅಭ್ಯಾಸವನ್ನು ಬಿಡಬೇಕಾಯಿತು.

ನಾವು ಮಾಡಿದ್ದು ಅಂಗೈಯಗಲದ ಒಂದು ದುಂಡು ಪ್ಯಾಡು. ಕಂಪ್ರೆಸರಿನಿಂದ ಬರುವ 5 ಬಾರ್ ಒತ್ತಡದ ಗಾಳಿ ಅದರ ನಡುವಿನಿಂದ ಹೊರಬಿದ್ದು, ಪ್ಯಾಡನ್ನು ಅದು ಜಾರುವ ಉಕ್ಕಿನ ಹಳಿಯಾದ ಗೈಡಿನ ಮೇಲೆ ಕೆಲವೇ ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಎತ್ತಿ ಹಿಡಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ ಈ ಅಂತರ ಎಷ್ಟು ಕಿರಿದೆಂದು ತಿಳಿಯುತ್ತದೆ. ಇಷ್ಟು ಕಿರಿದಾಗಿಯೇ ಇರಬೇಕೆನ್ನುವುದಕ್ಕೆ ಕಾರಣವಿದೆ. ಗಾಳಿಯ ಸ್ನಿಗ್ಧತೆ ನೀರಿನ ಸ್ನಿಗ್ಧತೆಯ ಸುಮಾರು ಐವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಸಂದು ಸ್ವಲ್ಪ ದೊಡ್ಡದಾದರೂ ಅದು ಸೋರಿಹೋಗುತ್ತದೆ. ಸೋರುವ ಗಾಳಿಯ ಪ್ರಮಾಣ ಅಂತರದ ಘನಕ್ಕೆ ಅನುಗುಣವಾಗಿರುವುದರಿಂದ, 10 ಮೈಕ್ರಾನ್ ಇದ್ದುದನ್ನು 5ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಸೋರಿಕೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎಲ್ಲರೂ ಅಂತರವನ್ನು ತಗ್ಗಿಸಲು ನೋಡುತ್ತಾರೆ, ಮತ್ತು ತಗ್ಗಿಸುತ್ತ ಹೋದಂತೆ ಮೇಲ್ಮೈಯ ಏರುತಗ್ಗುಗಳು ಒಂದೊಂದಾಗಿ ಲೆಕ್ಕಕ್ಕೆ ಬರತೊಡಗುತ್ತವೆ.

ನಮ್ಮ ಗೈಡಿಗೆ ಡ್ರಾಯಿಂಗ್ ಕೇಳಿದ್ದು ಆರ್‌ಎ (ಟೆಸ್ಟರ್ ತೋರಿಸುವ ಒರಟುತನದ ಅಂಕಿ) 0.4 ಮೈಕ್ರಾನ್, ಗ್ರೈಂಡಿಂಗ್ ಆಗಿ ಬಂದದ್ದು 0.35. ಸಹಿ ಹಾಕಿದೆ. ಕಡಿಮೆ ಭಾರದಲ್ಲಿ ಪ್ಯಾಡು 5 ಮೈಕ್ರಾನ್ ಎತ್ತರದಲ್ಲಿ ನಿಂತು, ಬೆರಳು ತಾಕಿಸಿದರೆ ಸಾಕು, ಜಾರಿಕೊಂಡು ಹೋಗುತ್ತಿತ್ತು. ಬಿಗಿತ ಸಾಲದೆಂದು ಭಾರವನ್ನು ಹೆಚ್ಚಿಸಿ ಅಂತರವನ್ನು 2 ಮೈಕ್ರಾನಿನ ಹತ್ತಿರಕ್ಕೆ ತಂದಾಗ, ಗೈಡಿನ ಕೆಲವು ಜಾಗಗಳಲ್ಲಿ ಮಾತ್ರ ಕಿರ್ ಎಂಬ ಸಣ್ಣ ಸದ್ದು ಕೇಳಿಸಿತು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಬೂದುಬಣ್ಣದ ಉಕ್ಕಿನ ಮೇಲೆ ಅಷ್ಟಷ್ಟು ದೂರಕ್ಕೆ ಹೊಳೆಯುವ ಪಟ್ಟಿಗಳು. ಗ್ರೈಂಡಿಂಗಿನ ಹಿರಿಯರು ಬೇಸರದಿಂದಲೇ ಕೇಳಿದರು: “ನೀವು ಕೇಳಿದ್ದಕ್ಕಿಂತ ನುಣ್ಣಗೆ ಮಾಡಿಕೊಟ್ಟಿದ್ದೇನಲ್ಲಪ್ಪ, ಇನ್ನೇನು ಬೇಕು?” ತಪ್ಪು ಅವರದಾಗಿರಲಿಲ್ಲ.

ಆರ್‌ಎ ಎನ್ನುವುದು ಮೇಲ್ಮೈಯ ಏರುತಗ್ಗುಗಳ ಸರಾಸರಿ. ಅದೇ ಗೈಡಿನಲ್ಲಿ ಆರ್‌ಜೆಡ್, ಅಂದರೆ ಶಿಖರದಿಂದ ಕಣಿವೆಯವರೆಗಿನ ಎತ್ತರ, 2.6 ಮೈಕ್ರಾನ್ ಇತ್ತು. ಅದಕ್ಕಿಂತ ಕೆಟ್ಟದ್ದು ಟೆಸ್ಟರಿನ ಕಣ್ಣಿಗೇ ಬಿದ್ದಿರಲಿಲ್ಲ. ಟೆಸ್ಟರಿನ ಕಟ್‌ಆಫ್ 0.8 ಮಿಲಿಮೀಟರಿಗೆ ಇಟ್ಟದ್ದರಿಂದ, ಅದಕ್ಕಿಂತ ಬಹಳ ಉದ್ದದ ಅಲೆಗಳನ್ನು ಅದು ಸೋಸಿ ಹೊರಗಿಡುತ್ತದೆ. ಫಿಲ್ಟರ್ ತೆಗೆದು ಉದ್ದಕ್ಕೆ ಅಳೆದಾಗ, ಸುಮಾರು 6 ಮಿಲಿಮೀಟರಿಗೊಂದರಂತೆ 1.5 ಮೈಕ್ರಾನ್ ಎತ್ತರದ ಅಲೆಗಳು ಕಂಡವು. ಗ್ರೈಂಡಿಂಗ್ ಚಕ್ರದ ಅದುರಾಟ ಉಕ್ಕಿನ ಮೇಲೆ ಹಾಗೆಯೇ ಅಚ್ಚಾಗಿತ್ತು. ಅಲೆಯ ನೆತ್ತಿಯ ಮೇಲೆ ಶಿಖರವೂ ಸೇರಿದರೆ ಸರಾಸರಿ ಮಟ್ಟದಿಂದ ಹೆಚ್ಚುಕಡಿಮೆ 2 ಮೈಕ್ರಾನ್ ಮೇಲಕ್ಕೆ ಹೋಗುತ್ತದೆ. ಗಾಳಿಗೆ ಉಳಿದ ಜಾಗ ಸೊನ್ನೆ.

ತಾಕದೆ ಇದ್ದಾಗಲೂ ಒರಟುತನ ಸುಮ್ಮನಿರುವುದಿಲ್ಲ. ಅದು ಏನು ಮಾಡುತ್ತದೆ ಎನ್ನುವುದು ಗ್ರೈಂಡಿಂಗ್ ಬಿಟ್ಟ ಗೆರೆಗಳ ದಿಕ್ಕನ್ನು ಅವಲಂಬಿಸಿದೆ. ಗಾಳಿ ಹರಿಯುವ ದಿಕ್ಕಿನಲ್ಲೇ ಗೆರೆಗಳಿದ್ದರೆ ಅವು ಕಾಲುವೆಗಳಾಗುತ್ತವೆ: ಘನದ ನಿಯಮದಿಂದಾಗಿ ಆಳದ ಕಾಲುವೆ ಗಳಿಸುವಷ್ಟನ್ನು ದಿಬ್ಬ ಕಳೆಯುವುದಿಲ್ಲ, ಸೋರಿಕೆ ಹೆಚ್ಚುತ್ತದೆ. ಗೆರೆಗಳು ಅಡ್ಡಲಾಗಿದ್ದರೆ ಪ್ರತಿ ದಿಬ್ಬವೂ ಗದ್ದೆಯ ಬದುವಿನಂತೆ ಗಾಳಿಯನ್ನು ತಡೆಯುತ್ತದೆ. ಆರ್‌ಎಂಎಸ್ ಒರಟುತನ (ಏರುತಗ್ಗುಗಳ ವರ್ಗಗಳ ಸರಾಸರಿಯ ವರ್ಗಮೂಲ) 0.4, ಅಂತರ 4 ಮೈಕ್ರಾನ್ ಎಂದಿಟ್ಟುಕೊಂಡರೆ ಸರಳ ಲೆಕ್ಕದಲ್ಲಿ ಗೆರೆಯುದ್ದಕ್ಕೆ ಹರಿವು ಸುಮಾರು ಶೇ. 3 ಹೆಚ್ಚುತ್ತದೆ, ಅಡ್ಡಕ್ಕೆ ಶೇ. 6 ತಗ್ಗುತ್ತದೆ. ಅಂತರವನ್ನು 2ಕ್ಕೆ ಇಳಿಸಿದರೆ ಎರಡೂ ಪರಿಣಾಮ ನಾಲ್ಕು ಪಟ್ಟಾಗುತ್ತವೆ. ಬೇರಿಂಗಿನ ತೆಳು ಪದರದಲ್ಲಿನ ಒತ್ತಡಕ್ಕೆ ರೆನಾಲ್ಡ್ಸ್ 1886ರಲ್ಲಿ ಕೊಟ್ಟ ಸಮೀಕರಣ ನುಣುಪು ಮೇಲ್ಮೈಗಳನ್ನು ಊಹಿಸಿಕೊಂಡಿತ್ತು. ದಿಕ್ಕಿನ ಈ ಪರಿಣಾಮವನ್ನು ಅದರೊಳಗೆ ಗುಣಕಗಳಾಗಿ ಸೇರಿಸುವ ಕ್ರಮವನ್ನು ಪಾತಿರ್ ಮತ್ತು ಚೆಂಗ್ 1978ರಲ್ಲಿ ತೋರಿಸಿದರು. ಹೊರಗಿನ ಕಂಪ್ರೆಸರ್ ಇಲ್ಲದೆ ತನ್ನ ವೇಗದಿಂದಲೇ ಒತ್ತಡ ಹುಟ್ಟಿಸಿಕೊಳ್ಳುವ ಬೇರಿಂಗುಗಳಲ್ಲಿ ಅಡ್ಡ ಗೆರೆಗಳು ಭಾರ ಹೊರುವ ಶಕ್ತಿಯನ್ನು ಒಂದಿಷ್ಟು ಹೆಚ್ಚಿಸುವುದೂ ಉಂಟು.

ಕೊನೆಗೆ ಗೈಡನ್ನು ವಜ್ರದ ಪೇಸ್ಟಿನಲ್ಲಿ ಲ್ಯಾಪಿಂಗ್, ಅಂದರೆ ತಟ್ಟೆಯಿಂದ ಉಜ್ಜಿ ನುಣುಪು, ಮಾಡಿಸಿದೆವು. ಅಗಲವಾದ ಎರಕದ ಕಬ್ಬಿಣದ ತಟ್ಟೆ ಶಿಖರಗಳ ಜೊತೆಗೆ ಅಲೆಗಳನ್ನೂ ತಿಂದುಹಾಕಿತು. ಆರ್‌ಎ 0.05ಕ್ಕೆ ಇಳಿಯಿತು, ಸದ್ದು ನಿಂತಿತು. ಆದರೆ ಗಾಳಿ ಬಿಡದೆ ಪ್ಯಾಡನ್ನು ಅದರ ಮೇಲೆ ರಾತ್ರಿಯಿಡೀ ಬಿಟ್ಟ ಒಂದು ದಿನ, ಅಳತೆಗೆ ಬಳಸುವ ನುಣುಪು ಉಕ್ಕಿನ ತುಂಡುಗಳಾದ ಸ್ಲಿಪ್ ಗೇಜುಗಳು ಒಂದಕ್ಕೊಂದು ಹಿಡಿದುಕೊಳ್ಳುವಂತೆ ಅದು ಅಂಟಿಕೊಂಡು ಕುಳಿತಿತ್ತು. ಹಾರ್ಡ್ ಡಿಸ್ಕಿನವರು ಇದೇ ತೊಂದರೆಗೆ ಸಿಕ್ಕಿ, ದತ್ತಾಂಶ ಓದುವ ಹೆಡ್ಡು ಇಳಿಯುವ ಜಾಗವನ್ನಷ್ಟೇ ಲೇಸರಿನಿಂದ ಬೇಕೆಂದೇ ಉಬ್ಬುಉಬ್ಬಾಗಿಸಿದ್ದರು. ನಮ್ಮ ಮನೆಯ ಬೀಸುವ ಕಲ್ಲು ನುಣುಪಾದಾಗ ಅಮ್ಮ ಬೀದಿಯಲ್ಲಿ ಹೋಗುವ ಕಲ್ಲು ಹೊಡೆಯುವವರನ್ನು ಕರೆದು ಅದನ್ನು ಮತ್ತೆ ಒರಟಾಗಿಸಲು ಉಳಿಯಿಂದ ಹೊಡೆಸುತ್ತಿದ್ದುದು ನೆನಪಾಯಿತು. ಅಲ್ಲಿನ ಕಾರಣ ಬೇರೆ, ಆದರೂ ನಕ್ಕೆ.

ಈಗ ನನ್ನ ತಪಾಸಣೆ ಹಾಳೆಯಲ್ಲಿ ಆರ್‌ಎ ಪಕ್ಕದಲ್ಲಿ ಆರ್‌ಜೆಡ್, ಅಲೆಯ ಎತ್ತರ ಮತ್ತು ಗೆರೆಯ ದಿಕ್ಕು ತೋರಿಸುವ ಒಂದು ಬಾಣಕ್ಕೆ ಜಾಗವಿದೆ. ಗ್ರೈಂಡಿಂಗಿನ ಹಿರಿಯರು ಚಕ್ರವನ್ನು ಬ್ಯಾಲೆನ್ಸ್ ಮಾಡಿದ ಮೇಲೆಯೇ ಗೈಡನ್ನು ಮೇಜಿಗೆ ಏರಿಸುತ್ತಾರೆ, ಬಾಣವನ್ನು ತಾವೇ ನೀಲಿ ಮಾರ್ಕರಿನಲ್ಲಿ ಬರೆದು ಕಳಿಸುತ್ತಾರೆ.