ಅಷ್ಟೊಂದು ಜನ, ಅಷ್ಟೊಂದು ಗೋಜಲು: ಆ ಸಿನಿಮಾ ನಿಮಗೆ ಹೇಗೆ ಅರ್ಥವಾಯ್ತು?

‘ಲಾಕ್, ಸ್ಟಾಕ್ ಅಂಡ್ ಟು ಸ್ಮೋಕಿಂಗ್ ಬ್ಯಾರೆಲ್ಸ್’ ನೋಡಿ ಅಂತ ನಾನು ಯಾರಿಗೆ ಹೇಳಿದರೂ ಎರಡು ದಿನಕ್ಕೆ ಫೋನ್ ಬರುತ್ತದೆ. ‘ಯಾರು ಯಾರ ಕಡೆಯವರು ಅಂತಾನೇ ಗೊತ್ತಾಗಲಿಲ್ಲ. ನಿಮಗೆ ಹೇಗೆ ಅರ್ಥ ಆಯ್ತು?’ ಮಡಿಕೇರಿಯ ಗೆಳೆಯರು ಕೇಳಿದ್ದಾರೆ, ಮೈಸೂರಿನಲ್ಲಿರುವ ತಂಗಿ ಕೇಳಿದ್ದಾಳೆ.

ಜನರ ಲೆಕ್ಕ ಇಡಲು ಹೋಗಬೇಡಿ, ಕೋವಿಗಳ ಮೇಲೆ ಕಣ್ಣಿಡಿ ಅನ್ನುತ್ತೇನೆ.

ಇದು 1998ರ ಬ್ರಿಟಿಷ್ ಚಿತ್ರ. ಗೈ ರಿಚಿ ನಿರ್ದೇಶಿಸಿದ ಮೊದಲ ಪೂರ್ಣ ಸಿನಿಮಾ. ನಟ ಜೇಸನ್ ಸ್ಟೇಥಮ್‌ಗೂ ಇದೇ ಮೊದಲನೆಯದು. ಲಂಡನ್ನಿನ ನಾಲ್ವರು ಗೆಳೆಯರು ತಲಾ 25,000 ಪೌಂಡ್ ಹಾಕಿ ತಮ್ಮಲ್ಲೊಬ್ಬನಾದ ಎಡ್ಡಿಯನ್ನು ಇಸ್ಪೀಟಿಗೆ ಕೂರಿಸುತ್ತಾರೆ. ಆಟ ನಮ್ಮ ತೀನ್ ಪತ್ತಿಯ ನೆಂಟನೇ. ಹ್ಯಾಚೆಟ್ ಹ್ಯಾರಿ ಅನ್ನುವವನು ಮೋಸದಲ್ಲಿ ಗೆಲ್ಲುತ್ತಾನೆ. ಇವರ ತಲೆ ಮೇಲೆ 5 ಲಕ್ಷ ಪೌಂಡ್ ಸಾಲ, ಒಂದು ವಾರದ ಗಡುವು. ಪಕ್ಕದ ಮನೆಯ ಕಳ್ಳರು ಗಾಂಜಾ ಬೆಳೆಯುವವರನ್ನು ದೋಚಲು ಹೊರಟಿರುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ಆ ಕಳ್ಳರನ್ನೇ ದೋಚೋಣ ಅಂತ ಇವರು ತೀರ್ಮಾನಿಸುತ್ತಾರೆ. ಆಮೇಲೆ ಸಿನಿಮಾ ನಿಲ್ಲುವುದೇ ಇಲ್ಲ.

ಈಗ ಕೋವಿಯ ಕಥೆ. ಹ್ಯಾರಿಗೆ ಒಬ್ಬ ಲಾರ್ಡ್‌ನ ಮನೆಯ ಹಳೇ ಕೋವಿಗಳು ಬೇಕು. ಕದಿಯಲು ಹೋದ ಇಬ್ಬರಿಗೆ ಅವುಗಳ ಬೆಲೆ ತಿಳಿಯದು. ಅತಿ ಹಳೆಯ ಎರಡನ್ನು ಚಿಲ್ಲರೆ ದುಡ್ಡಿಗೆ ಮಾರಿಬಿಡುತ್ತಾರೆ. ಅವು ಕೈ ಬದಲಾಗಿ ಬಂದು ಸೇರುವುದು ಹ್ಯಾರಿಯ ಸಾಲ ತೀರಿಸಬೇಕಾದ ಅದೇ ನಾಲ್ವರ ಹತ್ತಿರ! ಇದೊಂದು ಗೊತ್ತಿದ್ದರೆ ಸಾಕು. ಯಾರು ಯಾಕೆ ಯಾರ ಬಾಗಿಲು ಒಡೆಯುತ್ತಿದ್ದಾರೆ ಅನ್ನುವುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎರಡನೇ ಸಲ ನೋಡುವಾಗಿನ ಮಜಾ ಇನ್ನೂ ಜಾಸ್ತಿ. ದೊಡ್ಡ ಐಶ್ವರ್ಯ ಅವರ ಕೈಯಲ್ಲೇ ಇದೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಈ ಕೀಲಿ ನಾನು ಕಂಡುಕೊಂಡದ್ದಲ್ಲ. ವಿರಾಜಪೇಟೆ ಹತ್ತಿರ ಗೆಳೆಯನ ಮನೆಗೆ ಕೈಲ್ ಪೋಳ್ದ್‌ಗೆ ಹೋಗಿದ್ದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಆಯುಧದ ಹಬ್ಬ. ದೀಪದ ಮುಂದೆ ಕೋವಿ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದರು. ಆ ಕೋವಿ ಅಜ್ಜನ ಕಾಲದ್ದು. ಕೊಡವರ ಮನೆಯಲ್ಲಿ ಕೋವಿ ಅಂದರೆ ಮನೆಯವರಲ್ಲಿ ಒಬ್ಬರಿದ್ದಂತೆ. ಮಗು ಹುಟ್ಟಿದರೂ ಗುಂಡು ಹಾರಿಸುತ್ತಾರೆ, ಸಾವಾದರೂ ಹಾರಿಸುತ್ತಾರೆ.

ಕಡಂಬುಟ್ಟು, ಪಂದಿ ಕರಿ ಊಟ ಮುಗಿಸಿ ನಾವು ಹುಡುಗರು ಈ ಸಿನಿಮಾ ಹಾಕಿದೆವು. ಗೆಳೆಯನ ಅಪ್ಪ ಸುಮ್ನೆ ಹಿಂದೆ ಬಂದು ಕೂತರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೂ ಆ ಎರಡು ಕೋವಿ ಮಾರಾಟವಾಗುತ್ತಿದ್ದಂತೆ, ‘ಅಯ್ಯೋ, ಅದನ್ನೇ ಮಾರಿಬಿಟ್ಟರಲ್ಲ ಪಾಪಿಗಳು!’ ಅಂದರು. ನಾವಿನ್ನೂ ಯಾರ ಹೆಸರೇನು ಅಂತ ಹುಡುಕುತ್ತಿದ್ದೆವು. ಅವರಿಗೆ ಕಥೆ ಸಿಕ್ಕಾಗಿತ್ತು.

ಕೊನೆಯನ್ನೂ ಹೇಳಿಬಿಡುತ್ತೇನೆ, ಗೊತ್ತಿದ್ದು ನೋಡಿದರೂ ರುಚಿ ಕೆಡುವುದಿಲ್ಲ. ಸಾಕ್ಷಿ ಉಳಿಯಬಾರದು ಅಂತ ನಾಲ್ವರಲ್ಲೊಬ್ಬನಾದ ಟಾಮ್ ಆ ಕೋವಿಗಳನ್ನು ಥೇಮ್ಸ್ ನದಿಗೆ ಎಸೆಯಲು ಹೋಗಿದ್ದಾನೆ. ಅಷ್ಟರಲ್ಲಿ ಉಳಿದವರಿಗೆ ಅವುಗಳ ಬೆಲೆ ಗೊತ್ತಾಗಿದೆ. ಟಾಮ್ ಸೇತುವೆಯ ಅಂಚಿಗೆ ಬಗ್ಗಿ ಜೋತಾಡುತ್ತಿದ್ದಾನೆ, ಬಾಯಲ್ಲಿ ಮೊಬೈಲ್, ಅದು ರಿಂಗಾಗುತ್ತಿದೆ.

ಗೆಳೆಯನ ಅಪ್ಪ ಎದ್ದು ನಿಂತೇಬಿಟ್ಟರು. ‘ಬಿಡಬೇಡ ಮಗಾ, ಹಿಡ್ಕೋ, ಹಿಡ್ಕೋ!’