ಟೆನಿಸ್ ಕೋರ್ಟ್ ರೋಡಿನಲ್ಲಿ ಕೋರ್ಟು ಹುಡುಕುತ್ತಾ

ಕೇಂಬ್ರಿಜ್‌ಗೆ ಹೋದವರು ಸಾಮಾನ್ಯವಾಗಿ ಕಿಂಗ್ಸ್ ಕಾಲೇಜಿನ ಚಾಪೆಲ್ ನೋಡಿ, ಕ್ಯಾಮ್ ನದಿಯಲ್ಲಿ ದೋಣಿ ಹತ್ತಿ ಇಳಿದು ವಾಪಸಾಗುತ್ತಾರೆ. ನನಗೆ ಮಾತ್ರ ನಕ್ಷೆಯಲ್ಲಿ ಕಂಡ ‘ಟೆನಿಸ್ ಕೋರ್ಟ್ ರೋಡ್’ ತಲೆಗೆ ಹತ್ತಿಬಿಟ್ಟಿತ್ತು. 1920ರಿಂದ ಇರುವ ಫಿಟ್ಜ್‌ಬಿಲೀಸ್ ಬೇಕರಿಯಲ್ಲಿ ಬೆರಳಿಗೆಲ್ಲ ಪಾಕ ಅಂಟುವ ಚೆಲ್ಸಿ ಬನ್ ತಿಂದು, ಪೆಂಬ್ರೋಕ್ ಕಾಲೇಜಿನ ಗೋಡೆಯ ಪಕ್ಕದಲ್ಲೇ ನಡೆದೆ. ಮೂಲೆಯ ಚಾಪೆಲ್ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ನನ ಕೆಲಸ. ಮುಂದೆ ಹೋಗಿ ಬಲಕ್ಕೆ ತಿರುಗಿದರೆ ಆ ರಸ್ತೆ.

ಕೋರ್ಟು ಇಲ್ಲ. ಇರುವುದೆಲ್ಲ ಪ್ರಯೋಗಾಲಯ. ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಇಲ್ಲೇ ಇದೆ. ಇನ್ಸುಲಿನ್ನಿನ ರಚನೆ ಬಿಡಿಸಿ 1958ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಸ್ಯಾಂಗರ್ ದುಡಿದದ್ದು ಆ ವಿಭಾಗದಲ್ಲಿ.

ರಸ್ತೆಗೆ ಹೆಸರು ಬಂದದ್ದು ಪೆಂಬ್ರೋಕ್‌ನವರ ರಿಯಲ್ ಟೆನಿಸ್ ಕೋರ್ಟಿನಿಂದ. ವಿಂಬಲ್ಡನ್ನಿನ ಆಟ ಹುಟ್ಟಿದ್ದು 1870ರ ದಶಕದಲ್ಲಿ. ಕಟ್ಟಡದೊಳಗೆ ಆಡುವ ರಿಯಲ್ ಟೆನಿಸ್ ಅದರ ಅಜ್ಜ. ಒಂದು ಕಾಲಕ್ಕೆ ಇಲ್ಲಿನ ಹಲವು ಕಾಲೇಜುಗಳಿಗೆ ಸ್ವಂತ ಕೋರ್ಟುಗಳಿದ್ದವು. ಆದರೆ ಸುಮಾರು 30 ಮೀಟರ್ ಉದ್ದದ, ಎತ್ತರದ ಗೋಡೆಯ ಕಟ್ಟಡವನ್ನು ಊರ ನಡುವೆ ಆಟಕ್ಕಷ್ಟೇ ಇಟ್ಟುಕೊಳ್ಳುವುದು ಎಷ್ಟು ದಿನ ನಡೆದೀತು? ಆಡುವವರು ಕಮ್ಮಿಯಾದ ಮೇಲೆ ಆ ಜಾಗಕ್ಕೆ ಬೇರೆ ಹಕ್ಕುದಾರರು ಹುಟ್ಟಿಕೊಳ್ಳುವುದು ಸಹಜ.

ಇಲ್ಲದ್ದನ್ನು ಊಹಿಸಿಕೊಳ್ಳಲು ಇರುವುದನ್ನೇ ನೋಡಬೇಕೆಂದು ನದಿ ದಾಟಿ ಗ್ರೇಂಜ್ ರೋಡಿಗೆ ಹೋದೆ. ಟ್ರಿನಿಟಿ ಮತ್ತು ಕ್ಲೇರ್ ಕಾಲೇಜುಗಳು 1866ರಲ್ಲಿ ಕಟ್ಟಿಸಿದ ಕೋರ್ಟಿನಲ್ಲಿ ಇನ್ನೂ ಆಟ ನಡೆಯುತ್ತದೆ. ಮೂರು ಗೋಡೆಗಳ ಉದ್ದಕ್ಕೂ ಇಳಿಜಾರು ಮಾಡು. ಸರ್ವ್ ಮಾಡಿದ ಚೆಂಡು ಆ ಮಾಡಿನ ಮೇಲೆ ದಡಬಡ ಉರುಳಿ ಆಚೆ ಬೀಳಬೇಕು. ನಡುವೆ ಜೋತುಬಿದ್ದ ನೆಟ್, ಓರೆ ಮೂತಿಯ ಮರದ ರ‍್ಯಾಕೆಟ್, ಕೈಯಲ್ಲೇ ಹೊಲಿದ ಗಟ್ಟಿ ಚೆಂಡು.

ತಲೆ ತಿನ್ನುವುದು ‘ಚೇಸ್’. ನೆಲದ ಮೇಲೆ ಗೆರೆಗಳಿವೆ. ಚೆಂಡು ಎರಡನೇ ಸಲ ಪುಟಿದರೆ ಪಾಯಿಂಟು ಹೋಯಿತೆಂದು ನಾವಂದುಕೊಳ್ಳುತ್ತೇವೆ. ಇಲ್ಲಿ ಬಹಳಷ್ಟು ಸಲ ಅದು ಅಂಗಡಿ ಸಾಲದ ಹಾಗೆ ಬಾಕಿ ಉಳಿಯುತ್ತದೆ. ಎಲ್ಲಿ ಪುಟಿಯಿತೆಂದು ಗುರುತಿಟ್ಟುಕೊಂಡು, ಆಟಗಾರರು ಬದಿ ಬದಲಿಸಿದ ಮೇಲೆ ಅದನ್ನು ತೀರಿಸಬೇಕು. ಮೊದಲು ಚೆಂಡನ್ನು ಪುಟಿಯಲು ಬಿಟ್ಟವನು ಈಗ ಹೊಡೆದ ಚೆಂಡು ಹಿಂಗೋಡೆಗೆ ಇನ್ನೂ ಹತ್ತಿರ ಎರಡನೇ ಪುಟಿತ ಕಂಡರೆ ಪಾಯಿಂಟು ಅವನದು. ಹಾಗಾಗಿ ಕೆಲವು ಚೆಂಡುಗಳನ್ನು ಹೊಡೆಯದೆ ಬಿಡುವುದೇ ಜಾಣತನ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದರು. ಅಷ್ಟಾದರೂ, ಗೆಲ್ಲುತ್ತಿದ್ದವರು ಯಾರೆಂದು ನನಗೆ ತಿಳಿದದ್ದು ಇಬ್ಬರೂ ಕೈಕುಲುಕಿದ ಮೇಲೆ, ಅದೂ ಅವರನ್ನೇ ಕೇಳಿ.