ಹಡಗಿನವರದೇ ದ್ವೀಪ

ಬಹಾಮಾಸ್‌ನ ಕೋಕೋಕೇ ದ್ವೀಪದ ಫೋಟೋ ಹಾಕಿದ ಮೇಲೆ ಜಯನಗರದ ನೆಂಟರೆಲ್ಲ ಕೇಳುತ್ತಿರುವುದು ಒಂದೇ. ಹಡಗಿನ ಕಂಪನಿಗೆ ದ್ವೀಪವೂ ಇರುತ್ತಾ? ಇರುತ್ತೆ ಸ್ವಾಮಿ! ಪಕ್ಕದ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ನಾರ್ವೇಜಿಯನ್ ಕ್ರೂಸ್ ಲೈನ್ 1977ರಲ್ಲೇ ಕೊಂಡುಕೊಂಡಿತ್ತು. ಕೋಕೋಕೇ ರಾಯಲ್ ಕೆರಿಬಿಯನ್ ಎಂಬ ಹಡಗಿನ ಕಂಪನಿಯ ಕೈಯಲ್ಲಿದೆ, 2019ರಲ್ಲಿ ಪೂರ್ತಿ ಹೊಸದಾಗಿ ಮಾಡಿದ್ದಾರೆ.

ಮಧ್ಯಾಹ್ನದ ಊಟಕ್ಕೆ ಬೇರೆ ದುಡ್ಡಿಲ್ಲ. ಆದರೆ ವಾಟರ್ ಪಾರ್ಕಿಗೆ, ಬಲೂನಿಗೆ ಪ್ರತ್ಯೇಕ ಟಿಕೆಟ್. ಆ ಹೀಲಿಯಂ ಬಲೂನು 450 ಅಡಿ ಮೇಲೇರುತ್ತದೆ. ಮಗಳು ಹತ್ತಿದಳು, ನಾನು ಸುಮ್ನೆ ಕೆಳಗೆ ನಿಂತು ಕೈ ಬೀಸಿದೆ.

ಅಮ್ಮ ಸೀರೆಯನ್ನು ಮಂಡಿವರೆಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದರು. ಚಪ್ಪಲಿ ಮಾತ್ರ ಕೈಯಲ್ಲೇ. ದಡದಲ್ಲಿ ಬಿಟ್ಟರೆ ಯಾರಾದರೂ ಹೊಡೆದುಕೊಂಡು ಹೋದಾರಂತೆ! ಕದ್ದವನು ನಮ್ಮ ಹಡಗಿಗೇ ವಾಪಸ್ ಬರಬೇಕಲ್ವಾ?

ಜಾಗ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಕಂಡವರೆಲ್ಲ ಕೆಲಸಕ್ಕೆ ಬಂದವರು, ಇಲ್ಲ ನಮ್ಮಂತೆ ಸುತ್ತಾಡಲು ಬಂದವರು. ಇದೇ ನಮ್ಮೂರು ಅನ್ನುವ ಒಬ್ಬರೂ ಸಿಗಲಿಲ್ಲ. ಹಾಗಾಗಿ ಬಹಾಮಾಸ್ ನೋಡಿದೆ ಅಂತ ಹೇಳಿಕೊಳ್ಳೋಕೆ ಬಾಯಿ ಬರುತ್ತಿಲ್ಲ. ಅಮ್ಮನಿಗೆ ಆ ಸಂಕೋಚವೆಲ್ಲ ಇಲ್ಲ. ಬಸವನಗುಡಿಯ ಚಿಕ್ಕಮ್ಮನಿಗೆ ಬಹಾಮಾಸ್ ಪೂರ್ತಿ ವರದಿ ಆಗಲೇ ಒಪ್ಪಿಸಿದ್ದಾರೆ.